ಶಿವಮೊಗ್ಗದ ಡಿಎಲ್ ಜರ್ಮನಿಯಲ್ಲಿ ಎಷ್ಟು ದಿನ ನಡೆಯುತ್ತದೆ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನವಳು. ಮದುವೆಯಾಗಿ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು 4 ತಿಂಗಳಾಯಿತು. 2016ರಲ್ಲಿ, 22ನೇ ವಯಸ್ಸಿಗೆ, ಶಿವಮೊಗ್ಗದಲ್ಲಿ ಕಾರು, ಸ್ಕೂಟರ್ ಎರಡಕ್ಕೂ ಡಿಎಲ್ ಮಾಡಿಸಿದ್ದೆ. ಅಪ್ಪನ ಜೀಪಿನಲ್ಲಿ ತೋಟದ ರಸ್ತೆ, ಆಗುಂಬೆ ಘಾಟಿ ಎಲ್ಲ ಓಡಿಸಿದ್ದೇನೆ. ಬರುವಾಗ ಐಡಿಪಿ (ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್) ಕೂಡ ತಂದೆ, ಅದರ ಅವಧಿ ಇನ್ನೂ 8 ತಿಂಗಳು ಇದೆ. ಇಲ್ಲಿ ಒಬ್ಬರು 6 ತಿಂಗಳು ಓಡಿಸಬಹುದು ಅನ್ನುತ್ತಾರೆ, ಇನ್ನೊಬ್ಬರು 1 ವರ್ಷ ಅನ್ನುತ್ತಾರೆ. ನಮ್ಮ ಡಿಎಲ್ ಕೊಟ್ಟರೆ ಇಲ್ಲಿಯದು ಕೊಡುತ್ತಾರಾ? ಇಲ್ಲ ಮೊದಲಿಂದ ಕಲಿಯಬೇಕಾ? ನನ್ನ ತಮ್ಮ ಕೆಲಸಕ್ಕೆ ಅಂತ ಕೆನಡಾದ ಟೊರಾಂಟೊಗೆ ಹೊರಟಿದ್ದಾನೆ. ಅವನ ಡಿಎಲ್ 2021ರದ್ದು. ಅವನು ಊರಲ್ಲೇ ಏನಾದರೂ ಮಾಡಿಸಿಕೊಂಡು ಹೋಗಬೇಕಾ?

ಉತ್ತರ: ಮೊದಲು ನಿಮ್ಮ ಕ್ಯಾಲೆಂಡರ್ ತೆಗೆಯಿರಿ. ಜರ್ಮನಿಯಲ್ಲಿ ಮನೆ ವಿಳಾಸ ನೋಂದಾಯಿಸಿದ ದಿನ ಯಾವುದು ನೋಡಿ. ಅಲ್ಲಿ ನೆಲೆ ನಿಂತ ದಿನದಿಂದ 6 ತಿಂಗಳು ಮಾತ್ರ ನಮ್ಮ ಡಿಎಲ್ ನಡೆಯುತ್ತದೆ, ಆ ದಿನಕ್ಕೆ ನಿಮ್ಮ ಕೈಲಿರುವ ಸಾಕ್ಷಿ ಸಾಮಾನ್ಯವಾಗಿ ಈ ನೋಂದಣಿ ಕಾಗದವೇ. ನಿಮಗೆ ಉಳಿದಿರುವುದು ಹೆಚ್ಚೂ ಕಡಿಮೆ 2 ತಿಂಗಳು. 1 ವರ್ಷ ಅಂದವರು ಪೂರ್ತಿ ಸುಳ್ಳು ಹೇಳಿಲ್ಲ. ಒಟ್ಟು ವಾಸವೇ 12 ತಿಂಗಳು ದಾಟುವುದಿಲ್ಲ ಎಂದು ಕಾಗದ ತೋರಿಸಿದವರಿಗೆ ಆ 6 ತಿಂಗಳನ್ನು ಇನ್ನು 6 ತಿಂಗಳವರೆಗೆ ಹೆಚ್ಚಿಸಿಕೊಡುವ ಅವಕಾಶ ಇದೆ. ಮದುವೆಯಾಗಿ ಸಂಸಾರ ಹೂಡೋಕೆ ಹೋದವರಿಗೆ ಅದು ಸಿಗುವುದಿಲ್ಲ. ಅಥವಾ ಅವರು ಬ್ರಿಟನ್ನಿನ ಲೆಕ್ಕ ಹೇಳಿರಬಹುದು, ಅಲ್ಲಿ 12 ತಿಂಗಳು.

ಐಡಿಪಿಯ ಅವಧಿ 8 ತಿಂಗಳು ಇದೆ ಅಂತ ನೆಮ್ಮದಿಯಾಗಿ ಇರಬೇಡಿ. ಈ ಒಂದು ವಿಷಯದಲ್ಲಿ ಎಷ್ಟು ಜನ ಎಡವುತ್ತಾರೆ ಅಂದರೆ, ನನ್ನ ಡ್ರೈವಿಂಗ್ ಸ್ಕೂಲಿಗೆ ಬಂದು ಕೇಳುವವರಿಗೆ ನಾನು ಮೊದಲು ಹೇಳುವುದೇ ಇದನ್ನ. ಐಡಿಪಿ ಅಂದರೆ ಡಿಎಲ್ ಅಲ್ಲ. ನಮ್ಮ ಡಿಎಲ್‌ನಲ್ಲಿ ಇರುವುದನ್ನೇ ಬೇರೆ ದೇಶದ ಪೊಲೀಸರು ಓದಿಕೊಳ್ಳುವ ಹಾಗೆ ಬರೆದುಕೊಟ್ಟ ಪುಸ್ತಕ, ಅಷ್ಟೇ. ರಸ್ತೆ ಸಂಚಾರದ ಬಗ್ಗೆ ಆದ 1949ರ ಜಿನೀವಾ ಒಪ್ಪಂದದ ಪ್ರಕಾರ ನಮ್ಮಲ್ಲಿ ಕೊಡುತ್ತಾರೆ, 1 ವರ್ಷ ಇರುತ್ತದೆ. ಪ್ರವಾಸ ಹೋದವರಿಗೆ ಒಳ್ಳೆಯದು. ನೆಲೆ ನಿಂತವರ 6 ತಿಂಗಳನ್ನ ಅದು ಒಂದು ದಿನವೂ ಉದ್ದ ಮಾಡುವುದಿಲ್ಲ. ಅದನ್ನ ಕೊಟ್ಟು ಜರ್ಮನ್ ಡಿಎಲ್ ತೆಗೆದುಕೊಳ್ಳೋಕೂ ಬರುವುದಿಲ್ಲ.

6 ತಿಂಗಳ ಮೇಲೆ ಒಂದು ದಿನ ಓಡಿಸಿ ಸಿಕ್ಕಿಬಿದ್ದರೆ ದಂಡ ಕಟ್ಟಿ ಬರೋಣ ಅನ್ನುವ ಹಾಗಿಲ್ಲ. ಅಲ್ಲಿ ಅದು ಕ್ರಿಮಿನಲ್ ಅಪರಾಧ, ಕಾನೂನಿನಲ್ಲಿ 1 ವರ್ಷದವರೆಗೆ ಜೈಲು ಅಥವಾ ದಂಡ ಎಂದಿದೆ. ಕಾರು ನಿಮ್ಮ ಯಜಮಾನರ ಹೆಸರಲ್ಲಿದ್ದರೆ, ಗೊತ್ತಿದ್ದೂ ಕೀ ಕೊಟ್ಟಿದ್ದಕ್ಕೆ ಅವರ ಮೇಲೂ ಕೇಸು. ಇನ್ಶೂರೆನ್ಸ್‌ನವರು ಎದುರಿನವನಿಗೆ ಪರಿಹಾರ ಕೊಟ್ಟು, ಆಮೇಲೆ ನಿಮ್ಮಿಂದ 5,000 ಯೂರೊವರೆಗೆ ವಸೂಲಿ ಮಾಡಬಹುದು. ಹತ್ತಿರದ ಅಂಗಡಿಗೆ ಹೋಗಿ ಹಾಲು ತರೋಕೆ ಅಷ್ಟು ದುಡ್ಡು ಯಾಕೆ?

ಈಗ ನಿಮ್ಮ ನಿಜವಾದ ಪ್ರಶ್ನೆ. ಡಿಎಲ್ ಕೊಟ್ಟು ಡಿಎಲ್ ತೆಗೆದುಕೊಳ್ಳೋದು ಆಗುತ್ತದಾ? ಆಗುತ್ತದೆ, ಆದರೆ ನಡುವೆ ಎರಡು ಪರೀಕ್ಷೆ ಇವೆ. ಜರ್ಮನಿಯವರ ಬಳಿ ಒಂದು ಪಟ್ಟಿ ಇದೆ. ಜಪಾನ್, ದಕ್ಷಿಣ ಕೊರಿಯಾ, ದಕ್ಷಿಣ ಆಫ್ರಿಕಾ, ಅಮೆರಿಕದ ಕೆಲವು ರಾಜ್ಯಗಳು ಅದರಲ್ಲಿವೆ. ಆ ಪಟ್ಟಿಯಲ್ಲಿ ಇದ್ದವರಿಗೆ ಪರೀಕ್ಷೆಯಲ್ಲಿ ಪೂರ್ತಿಯಾಗಿ ಅಥವಾ ಅರ್ಧ ರಿಯಾಯಿತಿ. ಭಾರತ ಅದರಲ್ಲಿ ಇಲ್ಲ. ಬೇಜಾರು ಮಾಡಿಕೊಳ್ಳಬೇಡಿ, ನಮ್ಮಲ್ಲಿ ಡಿಎಲ್ ಟೆಸ್ಟ್ ಎಷ್ಟು ನಿಮಿಷಕ್ಕೆ ಮುಗಿಯುತ್ತದೆ ಅಂತ ನಿಮಗೂ ನೆನಪಿರಬಹುದು. ಅಲ್ಲಿ ರಸ್ತೆ ಪರೀಕ್ಷೆಯೇ 55 ನಿಮಿಷ.

ಹಾಗಂತ ನಿಮ್ಮ ಶಿವಮೊಗ್ಗದ ಕಾರ್ಡಿಗೆ ಬೆಲೆ ಇಲ್ಲ ಅಂದುಕೊಳ್ಳಬೇಡಿ. ಅಲ್ಲಿನ ಹುಡುಗ ಹೊಸದಾಗಿ ಡಿಎಲ್ ಮಾಡಿಸಬೇಕಾದರೆ ಇಷ್ಟು ಥಿಯರಿ ಕ್ಲಾಸ್, ಇಷ್ಟು ಹೆದ್ದಾರಿ, ಇಷ್ಟು ರಾತ್ರಿ ಡ್ರೈವಿಂಗ್ ಅಂತ ಕಡ್ಡಾಯ ಲೆಕ್ಕ ಇರುತ್ತದೆ. ಎಲ್ಲ ಸೇರಿ ಎರಡು, ಮೂರು ಸಾವಿರ ಯೂರೊ ಸುಲಭವಾಗಿ ದಾಟುತ್ತದೆ. ಬೇರೆ ದೇಶದ ಡಿಎಲ್ ಇರುವ ನಿಮಗೆ ಆ ಕಡ್ಡಾಯ ಕ್ಲಾಸ್‌ಗಳು ಮಾಫಿ. ನೇರವಾಗಿ ಪರೀಕ್ಷೆಗೆ ಕೂರಬಹುದು. ಬೇಕಾದಷ್ಟೇ ಕ್ಲಾಸ್, ಅದಕ್ಕಷ್ಟೇ ದುಡ್ಡು. ಆದರೆ ಡ್ರೈವಿಂಗ್ ಸ್ಕೂಲ್ ಬಿಟ್ಟು ಆಗುವುದಿಲ್ಲ. ಟೆಸ್ಟ್‌ಗೆ ಕಾರು ಅವರದೇ, ಪಕ್ಕದಲ್ಲಿ ಕೂರುವ ಮೇಷ್ಟ್ರೂ ಅವರೇ. ಅರ್ಜಿಯಲ್ಲೇ ಸ್ಕೂಲಿನ ಹೆಸರು ಬರೆಯಬೇಕು. ಸ್ಕೂಲ್ ಆರಿಸುವಾಗ ಒಂದು ಮಾತು ಕೇಳಿ: ಕಡ್ಡಾಯ ಕ್ಲಾಸ್ ಇಲ್ಲದವರಿಗೆ ಎಷ್ಟು ಕ್ಲಾಸ್ ಹೇಳುತ್ತೀರಿ? ಕಾರು ಹತ್ತಿಸಿ ನೋಡುವ ಮೊದಲೇ 25 ಅಂದರೆ ಬೇರೆ ಸ್ಕೂಲ್ ನೋಡಿ. ಒಂದು ಕ್ಲಾಸ್ ಅಂದರೆ 45 ನಿಮಿಷ, 50 ಯೂರೊಗಿಂತ ಕಡಿಮೆಗೆ ಸಿಗುವುದು ಕಷ್ಟ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ, ಅದನ್ನೂ ತೆಗೆದುಬಿಡೋಣ. 6 ತಿಂಗಳೊಳಗೆ ಎಲ್ಲ ಮುಗಿಸದಿದ್ದರೆ ಬದಲಾಯಿಸುವ ದಾರಿಯೇ ಮುಚ್ಚುತ್ತದೆ ಅಂತ ತುಂಬ ಜನ ಗಾಬರಿ ಆಗುತ್ತಾರೆ. ಹಾಗೇನಿಲ್ಲ. ಮುಚ್ಚುವುದು ಸ್ಟೇರಿಂಗ್ ಮುಟ್ಟುವ ಹಕ್ಕು ಮಾತ್ರ. ಅರ್ಜಿ ಆಮೇಲೂ ಹಾಕಬಹುದು, ಮಾಫಿಯೂ ಸಿಗುತ್ತದೆ. ಆದರೆ ಕಾಗದಪತ್ರಕ್ಕೇ ಅಲ್ಲಿ ವಾರಗಟ್ಟಲೆ ಹಿಡಿಯುತ್ತದೆ. ಅದಕ್ಕೆ ಇವತ್ತೇ ಶುರು ಮಾಡಿ.

ಬೇಕಾಗುವ ಕಾಗದ ಜಾಸ್ತಿ ಇಲ್ಲ. ಪಾಸ್‌ಪೋರ್ಟ್, ವಾಸದ ಪರವಾನಗಿ, ವಿಳಾಸದ ಕಾಗದ, ಫೋಟೊ, ಅಸಲು ಡಿಎಲ್, ಅದರ ಜರ್ಮನ್ ಅನುವಾದ. ಅನುವಾದವನ್ನು ಪ್ರಮಾಣಿತ ಅನುವಾದಕರೋ ಎಡಿಎಸಿ ಅನ್ನುವ ವಾಹನ ಸಂಘದವರೋ ಮಾಡಿಕೊಡುತ್ತಾರೆ. ಕಾರ್ಡಿನಲ್ಲಿ ಇಂಗ್ಲಿಷ್ ಇದೆ, ಹಾಗಾಗಿ ಕಷ್ಟ ಏನಿಲ್ಲ. ಕಣ್ಣಿನ ಪರೀಕ್ಷೆ ಕನ್ನಡಕದ ಅಂಗಡಿಯಲ್ಲೇ ಐದು ನಿಮಿಷದ ಕೆಲಸ. ಪ್ರಥಮ ಚಿಕಿತ್ಸೆಯ ಕೋರ್ಸ್ ಒಂದು ಇಡೀ ದಿನ, 45 ನಿಮಿಷದ 9 ಪಾಠ. ಗೊಂಬೆಯ ಎದೆ ಒತ್ತಿಸುತ್ತಾರೆ, ಹೆಲ್ಮೆಟ್ ತೆಗೆಯೋದು ಹೇಗೆ ಅಂತ ತೋರಿಸುತ್ತಾರೆ. ದೊಡ್ಡ ಊರುಗಳಲ್ಲಿ ಇಂಗ್ಲಿಷಿನಲ್ಲೂ ಸಿಗುತ್ತದೆ. ನಮ್ಮಲ್ಲೂ ಇದನ್ನ ಕಡ್ಡಾಯ ಮಾಡಬೇಕು ಅಂತ ನನ್ನ ಆಸೆ. ಮಳೆಗಾಲದಲ್ಲಿ ತೀರ್ಥಹಳ್ಳಿ ರಸ್ತೆಯಲ್ಲಿ ಬೈಕು ಬಿದ್ದರೆ ಸುತ್ತ ನಿಂತು ನೀರು ಕುಡಿಸುವವರೇ ಜಾಸ್ತಿ ಅಲ್ವಾ.

ಹೆಸರಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆಯವರಿಗೆ ತೊಂದರೆ ಕೊಡುವುದೇ ಇದು. ನಮ್ಮಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರು ಅಂತ ಇರುವುದಿಲ್ಲ. ಹೆಸರು, ಹಿಂದೆ ಮುಂದೆ ಒಂದೆರಡು ಇನಿಷಿಯಲ್, ಅಷ್ಟೇ. ಡಿಎಲ್‌ನಲ್ಲಿ ‘ಸುಮಾ ಕೆ. ಆರ್.’ ಅಂತ ಇರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಆ ‘ಕೆ’ ಊರಾಗಿ ‘ಆರ್’ ಅಪ್ಪನಾಗಿ ಉದ್ದಕ್ಕೆ ಬಿಚ್ಚಿಕೊಳ್ಳುತ್ತದೆ. ಮದುವೆಯಾದ ಮೇಲೆ ಗಂಡನ ಹೆಸರು ಬಂದು ಕೂತರೆ ಮೂರನೇ ರೂಪ. ಜರ್ಮನಿಯ ಕಚೇರಿಯಲ್ಲಿ ಕೂತವರಿಗೆ ಇವು ಮೂರು ಬೇರೆ ಬೇರೆ ಹೆಂಗಸರು. ನಿಮ್ಮ ಡಿಎಲ್, ಪಾಸ್‌ಪೋರ್ಟ್ ಎರಡನ್ನೂ ಪಕ್ಕದಲ್ಲಿ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ಬೇರೆ ಇದ್ದರೆ ಮದುವೆ ಸರ್ಟಿಫಿಕೇಟನ್ನೂ ಅನುವಾದ ಮಾಡಿಸಿ ಜತೆಗಿಡಿ. ಇನ್ನೂ ಹೊರಡದವರು ಸರ್ಕಾರದ ಪರಿವಾಹನ್ ಸಾರಥಿ ಪೋರ್ಟಲ್‌ನಲ್ಲಿ ಡಿಎಲ್‌ನ ಹೆಸರನ್ನ ಪಾಸ್‌ಪೋರ್ಟ್‌ನ ಹಾಗೇ ತಿದ್ದಿಸಿಕೊಂಡೇ ವಿಮಾನ ಹತ್ತಲಿ.

ಊರಿನ ಹೆಸರದ್ದೂ ಒಂದು ಕಥೆ ಇದೆ. 2014ರ ನವೆಂಬರ್ 1ರಂದು ನಮ್ಮ ಊರಿನ ಇಂಗ್ಲಿಷ್ ಸ್ಪೆಲ್ಲಿಂಗ್ ‘ಶಿಮೊಗ’ ಹೋಗಿ ‘ಶಿವಮೊಗ್ಗ’ ಆಯಿತು. ನನ್ನ ಪಾಸ್‌ಪೋರ್ಟ್‌ನಲ್ಲಿ ಹುಟ್ಟಿದ ಊರು ಹಳೆಯದು, ರಿನ್ಯೂ ಮಾಡಿಸಿದ ಡಿಎಲ್‌ನಲ್ಲಿ ಹೊಸದು. ನಾನು ಜರ್ಮನಿಯಲ್ಲಿದ್ದಾಗ ಕೌಂಟರಿನ ಹೆಂಗಸು ಎರಡನ್ನೂ ನೋಡಿ, ಇವೆರಡು ಊರಿನ ನಡುವೆ ಎಷ್ಟು ದೂರ ಅಂತ ಕೇಳಿದರು. ಒಂದೇ ಊರು ಮೇಡಂ ಅಂದೆ. ನಂಬಿದ ಹಾಗೆ ಕಾಣಲಿಲ್ಲ, ಆದರೂ ಸೀಲು ಒತ್ತಿದರು.

ನಾನು ಯಾರು, ಇಷ್ಟೆಲ್ಲ ಹೇಗೆ ಗೊತ್ತು ಅಂತ ಹೇಳಿಬಿಡುತ್ತೇನೆ. ಶಿವಮೊಗ್ಗದಲ್ಲಿ ನನ್ನದು ಡ್ರೈವಿಂಗ್ ಸ್ಕೂಲ್. ನಡುವೆ ಹೆಂಡತಿಯ ಕೆಲಸದ ಮೇಲೆ 6 ವರ್ಷ ಜರ್ಮನಿಯಲ್ಲಿ ಇದ್ದು ಬಂದವನು. ಅಲ್ಲಿಗೆ ಹೋಗುವ ಹೊತ್ತಿಗಾಗಲೇ ಊರಲ್ಲಿ ನೂರಾರು ಜನರಿಗೆ ಸ್ಟೇರಿಂಗ್ ಹಿಡಿಸಿದ್ದೆ. ಟೆಸ್ಟ್ ಏನು ಮಹಾ ಅಂದುಕೊಂಡು 8 ಕ್ಲಾಸ್ ತೆಗೆದುಕೊಂಡು ಹೋದೆ. ಹಿಂದೆ ಪರೀಕ್ಷಕ, ಪಕ್ಕದಲ್ಲಿ ಮೇಷ್ಟ್ರು. 20 ನಿಮಿಷ ಎಲ್ಲ ಚೆನ್ನಾಗಿತ್ತು. ಗಂಟೆಗೆ 30 ಕಿ.ಮೀ. ಮಿತಿಯ ಒಂದು ವಠಾರದ ರಸ್ತೆ. ನಾನು ಇದ್ದದ್ದು ಅಗಲದ ರಸ್ತೆ, ಬಲಗಡೆಯಿಂದ ಒಂದು ಸಣ್ಣ ಓಣಿ ಬಂದು ಸೇರುತ್ತಿತ್ತು. ಬೋರ್ಡು ಇಲ್ಲ, ಸಿಗ್ನಲ್ ಇಲ್ಲ. ಓಣಿಯಿಂದ ಬರುವವನು ನಿಲ್ಲುತ್ತಾನೆ ಅಂತ ನಾನು ಹೋಗುತ್ತಲೇ ಇದ್ದೆ. ನಮ್ಮ ದುರ್ಗಿಗುಡಿಯಲ್ಲಿ ಆಗಿದ್ದರೆ ನಿಲ್ಲುತ್ತಿದ್ದ. ಅವನು ನಿಲ್ಲಲಿಲ್ಲ. ಮೇಷ್ಟ್ರ ಕಾಲು ಬ್ರೇಕಿನ ಮೇಲೆ ಬಿತ್ತು. ಕಾರು ಗಕ್ಕನೆ ನಿಂತಿತು. ಮೇಷ್ಟ್ರು ಬ್ರೇಕ್ ಹಾಕಿದರೆ ಅಲ್ಲಿಗೆ ಮುಗಿಯಿತು, ಫೇಲ್. ಹಿಂದಿನ ಸೀಟಿನಿಂದ ಪರೀಕ್ಷಕರು ಮೆತ್ತಗೆ ಏನೋ ಬರೆದುಕೊಳ್ಳುವ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಅದು ಅಲ್ಲಿನ ‘ರೆಖ್ಟ್ಸ್ ಫೋರ್ ಲಿಂಕ್ಸ್’, ಎಂದರೆ ಎಡಕ್ಕಿಂತ ಬಲ ಮೊದಲು. ಯಾವ ಬೋರ್ಡೂ ಇಲ್ಲದ ಕೂಡು ರಸ್ತೆಯಲ್ಲಿ ನಿಮ್ಮ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ರಸ್ತೆ ಅಗಲವೋ ಸಣ್ಣದೋ, ಕಾರು ದೊಡ್ಡದೋ ಚಿಕ್ಕದೋ, ಲೆಕ್ಕಕ್ಕೇ ಇಲ್ಲ. ಪುಸ್ತಕದಲ್ಲಿ ಓದಿದ್ದೆ, ಥಿಯರಿಯಲ್ಲಿ ಸರಿ ಉತ್ತರ ಬರೆದಿದ್ದೆ. ಕಾಲಿಗೆ ಇನ್ನೂ ಗೊತ್ತಾಗಿರಲಿಲ್ಲ. ಫೇಲಾದರೆ ಸಾಮಾನ್ಯವಾಗಿ 2 ವಾರ ಬಿಟ್ಟೇ ಮತ್ತೆ ಅವಕಾಶ. ಆ ಎರಡು ವಾರ ಸಂಜೆ ಹೊತ್ತು ನಮ್ಮ ಬೀದಿಗಳಲ್ಲಿ ನಡೆದುಕೊಂಡೇ ಅಭ್ಯಾಸ ಮಾಡಿದೆ. ಪ್ರತಿ ಮೂಲೆಗೂ ನಿಂತು ಬಲಕ್ಕೆ ಕತ್ತು ತಿರುಗಿಸುವುದು. ನೋಡಿದವರು ಏನಂದುಕೊಂಡರೋ. ಇನ್ನು 3 ಕ್ಲಾಸ್ ಆದ ಮೇಲೆ ಪಾಸಾದೆ.

ಮಲೆನಾಡಿನವರ ಕೈ ಒಳ್ಳೆಯದು, ಅದರಲ್ಲಿ ಅನುಮಾನ ಇಲ್ಲ. ತೋಟದ ಏರಿನಲ್ಲಿ ಅರ್ಧ ಕ್ಲಚ್ಚಿನಲ್ಲಿ ಜೀಪು ನಿಲ್ಲಿಸಿದವರಿಗೆ ಸ್ಟುಟ್‌ಗಾರ್ಟ್‌ನ ಏರು ಏನೂ ಅಲ್ಲ. ಮಂಜು, ಮಳೆ, ಕತ್ತಲು ಎಲ್ಲ ನಮಗೆ ಗೊತ್ತು. ತೊಂದರೆ ಕೊಡುವುದು ನಮ್ಮ ರಸ್ತೆ ಕಲಿಸಿದ ಮಾತು, ಸನ್ನೆ. ಆಗುಂಬೆಯ ಹಿಮ್ಮುರಿ ತಿರುವಿನಲ್ಲಿ ಹಾರ್ನ್ ಹೊಡೆಯದವನು ತಪ್ಪಿತಸ್ಥ. ಅಲ್ಲಿ ಊರೊಳಗೆ ಅಪಾಯ ಇಲ್ಲದೆ ಹಾರ್ನ್ ಹೊಡೆದವನು ತಪ್ಪಿತಸ್ಥ. ನಮ್ಮಲ್ಲಿ ಎದುರಿನವನು ಲೈಟು ಮಿಣುಕಿಸಿದರೆ ‘ನಾನು ಬರ್ತಾ ಇದೀನಿ, ನಿಲ್ಲು’ ಅಂತ ಅರ್ಥ. ಅಲ್ಲಿ ಜನ ಸಾಮಾನ್ಯವಾಗಿ ‘ನೀವು ಹೋಗಿ’ ಅನ್ನೋಕೆ ಮಿಣುಕಿಸುತ್ತಾರೆ. ಇನ್ನು ಮುಂದಿನ ಲಾರಿಯ ಇಂಡಿಕೇಟರ್. ಸಕ್ರೆಬೈಲು ದಾಟಿ ಮಂಡಗದ್ದೆ ಕಡೆ ಹೋಗುವಾಗ ಲಾರಿಯವನು ಬಲಗಡೆ ಇಂಡಿಕೇಟರ್ ಹಾಕಿದರೆ ನಾವು ಓವರ್‌ಟೇಕ್ ಮಾಡುತ್ತೇವೆ, ದಾರಿ ಖಾಲಿ ಇದೆ ಎಂದು ಅವನು ಹೇಳುತ್ತಿದ್ದಾನೆ. ಅಲ್ಲಿ ಇಂಡಿಕೇಟರ್ ಹಾಕಿದ ಲಾರಿ ನಿಜವಾಗಲೂ ತಿರುಗುತ್ತದೆ. ಇದನ್ನ ತಲೆಯಿಂದ ಕಿತ್ತು ಹಾಕಿ.

ನಿಧಾನವಾಗಿ ಹೋದರೆ ಕ್ಷೇಮ ಅನ್ನುವುದೂ ಅಲ್ಲಿ ನಡೆಯುವುದಿಲ್ಲ. ಊರ ಹೊರಗಿನ ಸಾಮಾನ್ಯ ರಸ್ತೆಯಲ್ಲಿ 100ರ ಮಿತಿ. ರಸ್ತೆ ಖಾಲಿ ಇದ್ದು, ಬಿಸಿಲಿದ್ದು, ನೀವು 60ರಲ್ಲಿ ಹೋದರೆ ಪರೀಕ್ಷಕರು ಅದನ್ನೂ ತಪ್ಪು ಅಂತ ಬರೆಯುತ್ತಾರೆ. ಸ್ಟಾಪ್ ಬೋರ್ಡಿನಲ್ಲಿ ಚಕ್ರ ಪೂರ್ತಿ ನಿಲ್ಲಬೇಕು, ಉರುಳಿಸಿಕೊಂಡು ಹೋದರೆ ಫೇಲ್. ಬಲಕ್ಕೆ ತಿರುಗುವ ಮೊದಲು ಕನ್ನಡಿ ನೋಡಿದ್ದು ಸಾಲದು, ಹೆಗಲ ಮೇಲಿಂದ ಕತ್ತು ತಿರುಗಿಸಿ ಸೈಕಲ್ ಬರುತ್ತಿದೆಯಾ ಅಂತ ನೋಡಬೇಕು. ಪರೀಕ್ಷಕರಿಗೆ ಕಾಣುವ ಹಾಗೆ ನೋಡಿ. ಕಣ್ಣಂಚಿನಲ್ಲಿ ನೋಡುವ ಜಾಣತನಕ್ಕೆ ಅಲ್ಲಿ ಅಂಕ ಇಲ್ಲ. ಸೈಕಲ್ಲನ್ನು ಓವರ್‌ಟೇಕ್ ಮಾಡುವಾಗ ಊರೊಳಗೆ ಕನಿಷ್ಠ ಒಂದೂವರೆ ಮೀಟರ್, ಹೊರಗೆ 2 ಮೀಟರ್ ಜಾಗ ಬಿಡಬೇಕು. ಜಾಗ ಇಲ್ಲದಿದ್ದರೆ ಅದರ ಹಿಂದೆಯೇ ಹೋಗಬೇಕು, ಅದು ಎಷ್ಟು ಹೊತ್ತಾದರೂ ಸರಿ.

ಥಿಯರಿ ಪರೀಕ್ಷೆ ಇಂಗ್ಲಿಷಿನಲ್ಲಿ ಬರೆಯಬಹುದು. ಜರ್ಮನ್ ಬಿಟ್ಟು ಇನ್ನೂ 12 ಭಾಷೆಗಳಿವೆ, ಕನ್ನಡವೂ ಇಲ್ಲ, ಹಿಂದಿಯೂ ಇಲ್ಲ. 30 ಪ್ರಶ್ನೆ. ತಪ್ಪಿಗೆ ಪೆನಾಲ್ಟಿ ಅಂಕ, 10 ದಾಟಿದರೆ ಫೇಲ್. 5 ಅಂಕದ ಪ್ರಶ್ನೆ ಎರಡು ತಪ್ಪಾದರೂ ಫೇಲ್. ಮೋಸ ಎಲ್ಲಿದೆ ಅಂದರೆ, ಒಂದು ಪ್ರಶ್ನೆಗೆ ಎರಡು ಅಥವಾ ಮೂರು ಉತ್ತರವೂ ಸರಿ ಇರಬಹುದು. ರಸ್ತೆಗೆ ಒಂದು ಚೆಂಡು ಉರುಳಿ ಬಂತು, ಏನು ಮಾಡುತ್ತೀರಿ? ಬ್ರೇಕ್ ಒತ್ತುತ್ತೇನೆ ಅಂತ ಒಂದಕ್ಕೆ ಟಿಕ್ ಹಾಕಿ ಎದ್ದರೆ, ಹಿಂದೆ ಮಗು ಓಡಿ ಬರಬಹುದು ಅನ್ನುವ ಇನ್ನೊಂದು ಉತ್ತರ ಬಿಟ್ಟು ಹೋಗಿರುತ್ತದೆ. ಅರ್ಧ ಸರಿ ಅನ್ನುವುದು ಅಲ್ಲಿ ಇಲ್ಲ, ಪೂರ್ತಿ ತಪ್ಪು. ಪ್ರಶ್ನೆಗಳೆಲ್ಲ ಆ್ಯಪ್‌ಗಳಲ್ಲಿ ಸಿಗುತ್ತವೆ, ಒಟ್ಟು ಸಾವಿರಕ್ಕೂ ಜಾಸ್ತಿ. ದಿನಕ್ಕೆ 1 ಗಂಟೆ ಕೂತರೆ ಒಂದು ತಿಂಗಳು ಸಾಕು. ಪಿಯುಸಿ ಓದಿದ ಹಾಗೆ ಓದಿ.

ರಸ್ತೆ ಪರೀಕ್ಷೆ ಮಾತ್ರ ಜರ್ಮನ್‌ನಲ್ಲೇ. ಭಾಷೆ ಬರದಿದ್ದರೂ ಹೆದರಬೇಡಿ, ಎಡಕ್ಕೆ, ಬಲಕ್ಕೆ, ನೇರ, ಮುಂದಿನ ತಿರುವು, ನಿಲ್ಲಿಸಿ, ಪಾರ್ಕ್ ಮಾಡಿ ಇಷ್ಟೇ ಮಾತು. ಮೇಷ್ಟ್ರಿಗೆ ಕ್ಲಾಸಿನಲ್ಲೂ ಇಂಗ್ಲಿಷ್ ಬೇಡ, ಜರ್ಮನ್‌ನಲ್ಲೇ ಹೇಳಿ ಅನ್ನಿ. ಶುರುವಿನಲ್ಲಿ ಟಯರ್, ಲೈಟು, ಆಯಿಲ್ ಬಗ್ಗೆ ಒಂದೆರಡು ಪ್ರಶ್ನೆ ಬರಬಹುದು. ಟಯರಿನ ಗೆರೆ ಕನಿಷ್ಠ 1.6 ಮಿ.ಮೀ. ಇರಬೇಕು ಅನ್ನುವುದು ನೆನಪಿರಲಿ. ನೀವು ಜೀಪು ಓಡಿಸಿದವರು, ಗೇರಿನ ಕಾರಿನಲ್ಲೇ ಟೆಸ್ಟ್ ಕೊಡಿ. ಗೇರು ಬಲಗೈಗೆ ಬರುತ್ತದೆ, ಎರಡು ಕ್ಲಾಸ್ ಬಾಗಿಲಿನ ಹಿಡಿ ಎಳೆಯುತ್ತೀರಿ, ಆಮೇಲೆ ಸರಿಹೋಗುತ್ತದೆ. ಸ್ಕೂಟರಿನ ಆಸೆ ಸದ್ಯಕ್ಕೆ ಬಿಡಿ. ಕಾರಿನ ಡಿಎಲ್‌ನಲ್ಲಿ 45 ಕಿ.ಮೀ. ವೇಗದ ಸಣ್ಣ ಮೊಪೆಡ್ ಓಡಿಸಬಹುದು. ನಮ್ಮ ಊರಿನ ಸ್ಕೂಟರಿನಂಥದ್ದಕ್ಕೆ ಬೇರೆಯೇ ಪರೀಕ್ಷೆ, ಬೇರೆಯೇ ಖರ್ಚು.

ಇನ್ನು ತಮ್ಮನ ವಿಷಯ. ಅವನು ಇನ್ನೂ ಊರಲ್ಲಿದ್ದಾನೆ ಅನ್ನುವುದೇ ಅವನ ಅದೃಷ್ಟ. ಟೊರಾಂಟೊ ಇರುವುದು ಒಂಟಾರಿಯೊ ಪ್ರಾಂತ್ಯದಲ್ಲಿ. ಅಲ್ಲಿ ನೆಲೆಸೋಕೆ ಹೋದವರಿಗೆ ನಮ್ಮ ಡಿಎಲ್ 60 ದಿನ ಮಾತ್ರ. ಆಮೇಲೆ ಕಣ್ಣಿನ ಪರೀಕ್ಷೆ, ಬರೆಯುವ ಪರೀಕ್ಷೆ, ರಸ್ತೆ ಪರೀಕ್ಷೆ. ಬರೆಯುವುದು 40 ಪ್ರಶ್ನೆ, 20ರ ಎರಡು ಭಾಗ, ಪ್ರತಿ ಭಾಗದಲ್ಲೂ 16 ಸರಿ ಬರಬೇಕು. ಅದು ಸುಲಭ. ಅಲ್ಲಿನ ಗಂಟು ಅನುಭವದ ಲೆಕ್ಕ. ಹೊಸಬರಿಗೆ ಜಿ1, ಜಿ2, ಜಿ ಅಂತ ಮೂರು ಮೆಟ್ಟಿಲು, ನಡುವೆ ಕಾಯಬೇಕು. 2 ವರ್ಷಕ್ಕಿಂತ ಜಾಸ್ತಿ ಓಡಿಸಿದ ಅನುಭವ ಸಾಬೀತು ಮಾಡಿದರೆ ನೇರವಾಗಿ ಕೊನೆಯ ಜಿ ಪರೀಕ್ಷೆಗೇ ಹೋಗಬಹುದು. ಬಾಯಿಮಾತಿಗೆ, ಎಂದರೆ ನಾವೇ ಬರೆದುಕೊಡುವ ಹೇಳಿಕೆಗೆ, 12 ತಿಂಗಳಷ್ಟೇ ಒಪ್ಪುತ್ತಾರೆ. ಅದಕ್ಕಿಂತ ಜಾಸ್ತಿ ಬೇಕೆಂದರೆ ಡಿಎಲ್ ಕೊಟ್ಟ ಕಡೆಯಿಂದ ಅಧಿಕೃತ ಪತ್ರ ಬೇಕು.

ಆ ಪತ್ರಕ್ಕೆ ಬುಡವೇ ನಮ್ಮಲ್ಲಿ ಕೊಡುವ ಡಿಎಲ್ ಎಕ್ಸ್‌ಟ್ರ್ಯಾಕ್ಟ್, ಎಂದರೆ ಆರ್‌ಟಿಒ ದಾಖಲೆಯಲ್ಲಿರುವ ನಮ್ಮ ಡಿಎಲ್ ವಿವರದ ಪ್ರತಿ. ಸಾರಥಿ ಪೋರ್ಟಲ್‌ನಲ್ಲೇ ಅರ್ಜಿ ಹಾಕಬಹುದು. ಹೊರಡುವ ಮೊದಲು ತಮ್ಮ ಅದನ್ನ ತೆಗೆಸಲಿ, ಆರ್‌ಟಿಒ ಕಚೇರಿಯ ಸಹಿ, ಸೀಲು ಹಾಕಿಸಲಿ. ಅದರಲ್ಲಿ ನೋಡಬೇಕಾದ್ದು ಮೂರು. ಹೆಸರು ಪಾಸ್‌ಪೋರ್ಟ್‌ನ ಹಾಗೇ ಇದೆಯಾ, ಯಾವ ಯಾವ ವಾಹನಕ್ಕೆ ಅಂತ ಇದೆಯಾ, ಮೊದಲ ಬಾರಿ ಡಿಎಲ್ ಕೊಟ್ಟ ತಾರೀಕು 2021 ಅಂತ ಸ್ಪಷ್ಟವಾಗಿ ಇದೆಯಾ. ಈ ಮೊದಲ ತಾರೀಕೇ ಪ್ರಾಣ. ರಿನ್ಯೂ ಮಾಡಿಸಿಕೊಂಡವರು, ಕಾರ್ಡ್ ಕಳೆದುಹೋಗಿ ಹೊಸದು ತೆಗೆದವರು ಇದನ್ನ ಎರಡು ಸಲ ನೋಡಲಿ. ಇಪ್ಪತ್ತು ವರ್ಷ ಓಡಿಸಿದವರು ಕೊನೆಯ ತಾರೀಕು ತೋರಿಸಿ ನಿನ್ನೆ ಮೊನ್ನೆ ಕಲಿತವರ ಸಾಲಿನಲ್ಲಿ ನಿಂತದ್ದು ನನಗೆ ಗೊತ್ತು. ಕೈಬರಹದ ಹಳೇ ಪುಸ್ತಕದ ಡಿಎಲ್ ಇರುವವರು ಅದು ಆನ್‌ಲೈನ್ ದಾಖಲೆಗೆ ಏರಿದೆಯಾ ಅಂತ ಮೊದಲು ನೋಡಬೇಕು. ಏರದಿದ್ದರೆ ಪರದೇಶದ ಕಚೇರಿಯವರು ನಂಬರ್ ಹಾಕಿ ನೋಡಿದಾಗ ಏನೂ ಸಿಗುವುದಿಲ್ಲ. ಸಾಗರದ ಕಡೆಯವರೊಬ್ಬರು ಇದಕ್ಕಾಗಿಯೇ ರಜೆ ಹಾಕಿ ವಾಪಸ್ ಬಂದಿದ್ದರು.

ಬೇರೆ ದೇಶಗಳ ಬಗ್ಗೆ ಕೇಳುವವರೂ ಇರುತ್ತಾರೆ, ಎರಡು ಮಾತು. ಬ್ರಿಟನ್ನಿನಲ್ಲಿ 12 ತಿಂಗಳು ಓಡಿಸಬಹುದು, ಆಮೇಲೆ ಪ್ರೊವಿಷನಲ್, ಎಂದರೆ ಕಲಿಯುವವರ ಡಿಎಲ್, ತೆಗೆದು ಎರಡೂ ಪರೀಕ್ಷೆ. ರಸ್ತೆಯ ಎಡಬದಿ ಅನ್ನುವುದೊಂದು ಸಮಾಧಾನ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ತಾತ್ಕಾಲಿಕ ವೀಸಾದವರಿಗೂ 2023ರ ಜುಲೈ 1ರಿಂದ 6 ತಿಂಗಳ ಮಿತಿ ಬಂದಿದೆ. ಅಮೆರಿಕ ಒಂದು ದೇಶ ಅಂದುಕೊಳ್ಳಬೇಡಿ, ಈ ವಿಷಯದಲ್ಲಿ ಅದು 50 ದೇಶ. ನೆಲೆ ನಿಂತ ಮೇಲೆ ಕ್ಯಾಲಿಫೋರ್ನಿಯಾದಲ್ಲಿ 10 ದಿನ, ನ್ಯೂಯಾರ್ಕ್‌ನಲ್ಲಿ 30, ಟೆಕ್ಸಾಸ್‌ನಲ್ಲಿ 90.

ಕೊನೆಯದಾಗಿ, ನೀವು ಕೇಳದಿದ್ದರೂ ಮುಂದೆ ಕೇಳುವ ಪ್ರಶ್ನೆ. ಜರ್ಮನ್ ಕಾರ್ಡ್ ಕೈಗೆ ಕೊಡುವಾಗ ಶಿವಮೊಗ್ಗದ ಕಾರ್ಡನ್ನ ಅವರು ಇಸಿದುಕೊಳ್ಳುತ್ತಾರೆ. ಅವರ ಬಳಿ ಇಟ್ಟುಕೊಳ್ಳುತ್ತಾರೆ, ಜರ್ಮನ್ ಡಿಎಲ್ ವಾಪಸ್ ಕೊಟ್ಟರೆ ಮಾತ್ರ ನಿಮ್ಮದು ಸಿಗುತ್ತದೆ. ಕಳೆದುಹೋಯಿತು ಅಂತ ಬರೆದುಕೊಟ್ಟು ಊರಲ್ಲಿ ಡೂಪ್ಲಿಕೇಟ್ ಮಾಡಿಸಿ ಅಂತ ಉಪದೇಶ ಮಾಡುವವರು ಸಿಗುತ್ತಾರೆ. ಮಾಡಬೇಡಿ, ಅದು ಸುಳ್ಳು ಹೇಳಿಕೆ. ಅದರ ಅಗತ್ಯವೂ ಇಲ್ಲ. ಹೋಗುವುದು ಕಾರ್ಡ್ ಮಾತ್ರ. ನಿಮ್ಮದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಗೆ ಮೊದಲಿನ ಡಿಎಲ್, 20 ವರ್ಷದ್ದು, ನಮ್ಮ ದಾಖಲೆಯಲ್ಲಿ 2036ರವರೆಗೆ ಹಾಗೇ ಇರುತ್ತದೆ. ಕಾರ್ಡ್ ಕೊಡುವ ಮೊದಲು ಡಿಜಿಲಾಕರ್‌ಗೆ ಹಾಕಿಕೊಳ್ಳಿ, ಊರಲ್ಲಿ ತಪಾಸಣೆಗೆ ಅದನ್ನ ತೋರಿಸಿದರೆ ನಡೆಯುತ್ತದೆ. ಒಟಿಪಿಗೆ ಆಧಾರ್‌ಗೆ ಜೋಡಿಸಿದ ಭಾರತದ ನಂಬರ್ ಬೇಕು, ಆ ಸಿಮ್ಮನ್ನ ಸಾಯಲು ಬಿಡಬೇಡಿ.

ರಜೆಗೆ ಬಂದಾಗ ಮೊದಲ ದಿನವೇ ಜೀಪು ಹತ್ತಬೇಡಿ. ಅಲ್ಲಿನ ಕಾರಿನಲ್ಲಿ ಇಂಡಿಕೇಟರ್ ಕಡ್ಡಿ ಎಡಗೈಗೆ, ನಮ್ಮದರಲ್ಲಿ ಸಾಮಾನ್ಯವಾಗಿ ಬಲಗೈಗೆ. ನಾನು ವಾಪಸ್ ಬಂದ ವಾರ ಗಾಜನೂರಿನ ಹತ್ತಿರ ಬಲಕ್ಕೆ ತಿರುಗುವಾಗೆಲ್ಲ, ಏಪ್ರಿಲ್ ಬಿಸಿಲಿನಲ್ಲಿ, ವೈಪರ್ ಹಾಕುತ್ತಿದ್ದೆ. ಹಿಂದೆ ಬರುತ್ತಿದ್ದ ಬಸ್ಸಿನ ಡ್ರೈವರ್ ಓವರ್‌ಟೇಕ್ ಮಾಡುತ್ತಾ ಕಿಟಕಿಯಿಂದ ತಲೆ ಹಾಕಿ, ‘ಮಳೆ ಎಲ್ಲಿ ಬರ್ತಾ ಇದೆ ಮಾರಾಯ್ರೆ?’ ಅಂದ.